ಬೀಗರ ಮನೆಯ ಬೇಸನ್ ಉಂಡೆ ಮತ್ತು ನನ್ನ ಎದೆಯುರಿ

ಇಂದ್ರಿಯಗಳನ್ನು ಗೆಲ್ಲದವನು ಬದುಕಿನಲ್ಲಿ ಯಾವುದನ್ನೂ ಗೆಲ್ಲಲಾರನು. ಅದರಲ್ಲಿಯೂ ನಾಲಗೆಯ ಮೇಲೆ ಹಿಡಿತವಿಲ್ಲದವನಿಗೆ ಮನೆಯಲ್ಲಾಗಲಿ ಸಮಾಜದಲ್ಲಾಗಲಿ ಮಾತಿನ ಬೆಲೆ ಉಳಿಯುವುದಿಲ್ಲ. ಈ ವಾಕ್ಯವನ್ನು ಬರೆದು ಮುಗಿಸುವಷ್ಟರಲ್ಲಿ ನಾನು ಎರಡು ಸಲ ಎದ್ದು ಹೋಗಿ ಬಂದಿದ್ದೇನೆ, ಏಕೆಂದರೆ ಅಡುಗೆಮನೆಯಲ್ಲಿ ಶೇಂಗಾ ಹುರಿಯುತ್ತಿದ್ದಾರೆ.

ನಾನು ಶಹಾಪುರದ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಕಚೇರಿಯ ಎದುರಿಗೇ ಹೋಟೆಲು. ಸಾಹೇಬರು ಬೈದ ದಿನ ನಾನು ಅಲ್ಲಿಗೆ ಹೋಗಿ ಮಿರ್ಚಿ ಭಜಿ ತಿನ್ನುತ್ತಿದ್ದೆ. ಸಾಹೇಬರು ಹೊಗಳಿದ ದಿನವೂ, ಅದು ಅಪರೂಪವಾದರೂ, ಮಿರ್ಚಿ ಭಜಿಯನ್ನೇ ತಿನ್ನುತ್ತಿದ್ದೆ. ಸಾಹೇಬರು ರಜೆಯಲ್ಲಿದ್ದ ದಿನ ಏನು ತಿನ್ನಬೇಕೆಂದು ತಿಳಿಯದೆ ಭಜಿಯ ಜೊತೆಗೆ ಮಂಡಕ್ಕಿಯ ಒಗ್ಗರಣೆಯಾದ ಸುಸಲಾವನ್ನೂ ತರಿಸುತ್ತಿದ್ದೆ. ಇದರ ಮೇಲೆ ಚಹಾ. ಹೀಗೆ ಬಹಳ ವರ್ಷ ಸರ್ಕಾರಕ್ಕೆ ಸೇವೆ ಸಲ್ಲಿಸಿದ ಮೇಲೆ ಎದೆಯ ನಡುವೆ ಒಂದು ಒಲೆ ಹೊತ್ತಿಕೊಂಡಿತು. ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಹುಳಿನೀರು ಗಂಟಲಿಗೆ ಬರುತ್ತಿತ್ತು. ತೇಗಿದರೆ ಬೆಳಿಗ್ಗೆ ತಿಂದದ್ದು ಏನೆಂದು ಪಕ್ಕದ ಟೇಬಲಿನವರಿಗೆ ಗೊತ್ತಾಗುತ್ತಿತ್ತು.

ಯಾದಗಿರಿಯ ವೈದ್ಯರ ಬಳಿಗೆ ನನ್ನನ್ನು ಕರೆದುಕೊಂಡು ಹೋದವಳು ಹೆಂಡತಿ. ವೈದ್ಯರು ಎದೆ ನೋಡಿದರು, ಹೊಟ್ಟೆ ಒತ್ತಿದರು. ಹೃದಯಕ್ಕೆ ಏನೂ ಆಗಿಲ್ಲ, ಜಠರದ ಹುಳಿ ಮೇಲಕ್ಕೆ ಬರುತ್ತಿದೆ ಎಂದರು. ಇಷ್ಟು ದೊಡ್ಡ ಉರಿಗೆ ಇಷ್ಟು ಸಣ್ಣ ಕಾರಣವೇ ಎಂದು ನನಗೆ ಸ್ವಲ್ಪ ಅವಮಾನವಾಯಿತು.

“ಹಸಿವಾದಾಗ ಎಷ್ಟು ತಿಂತೀರಿ?” ಎಂದು ಕೇಳಿದರು.

“ಹಸಿವಾಗಾಕ ಟೈಮ್ ಎಲ್ಲಿ ಸಿಗ್ತದ್ರಿ ಡಾಕ್ಟರ?” ಎಂದೆ.

“ಮತ್ತ ಯಾವಾಗ ತಿಂತೀರಿ?”

ನಾನು ಯೋಚಿಸುತ್ತಿರುವಾಗ ಹೆಂಡತಿ ಉತ್ತರ ಕೊಟ್ಟಳು. “ಸಿಟ್ಟು ಬಂದಾಗ ತಿಂತಾರ್ರಿ. ಬ್ಯಾಸರಾದಾಗ ತಿಂತಾರ. ಟೀವಿಯೊಳಗ ಯಾರರೆ ಅತ್ರ ತಿಂತಾರ. ನಮ್ಮ ಅವ್ವ ತೀರ್ಕೊಂಡಾಗ ಮಣ್ಣಿಗಿ ಬಂದಾವ್ರು ನಮ್ಮ ತವರುಮನ್ಯಾಗಿನ ಚುಡುವಾದ ಡಬ್ಬಿ ಖಾಲಿ ಮಾಡಿ ಬಂದ್ರು.”

“ದುಃಖ ಆಗಿತ್ತು,” ಎಂದೆ.

“ನನಗೂ ಆಗಿತ್ತು. ನಾ ಚುಡುವಾ ತಿನ್ನಲಿಲ್ಲ.”

ವೈದ್ಯರು ಮುಖ ಗಂಭೀರ ಮಾಡಿಕೊಂಡು, ಹೊಟ್ಟೆಗಿಂತ ನನ್ನ ಮನಸ್ಸಿಗೇ ಹಸಿವು ಹೆಚ್ಚು ಎಂದರು. ಆಮೇಲೆ ಮಾತ್ರೆ ಬರೆದುಕೊಟ್ಟು ಪಥ್ಯ ಹೇಳಿದರು. ಖಾರ, ಕರಿದದ್ದು, ಚಹಾ ಇವು ಕಡಿಮೆಯಾಗಬೇಕು. ಹೊಟ್ಟೆ ಬಿರಿಯುವ ಹಾಗೆ ಒಂದೇ ಸಲ ಉಣ್ಣಬಾರದು. ಊಟವಾದ ಕೂಡಲೇ ಮಲಗಬಾರದು, ಮಲಗುವಾಗ ಮಂಚದ ತಲೆಯ ಕಡೆ ಎತ್ತರ ಇರಬೇಕು. ಬೆಲ್ಟು ಇಷ್ಟು ಬಿಗಿ ಇರಬಾರದು.

ಬೆಲ್ಟಿನ ಮಾತನ್ನು ನಾನು ಅಲ್ಲಿಯೇ ಪಾಲಿಸಿದೆ. ಉಳಿದದ್ದು ಅಷ್ಟು ಸುಲಭವಿರಲಿಲ್ಲ. ನಮ್ಮ ಊರಿನ ಗುಡ್ಡದ ಸಾಲು ದೂರದಿಂದ ನೋಡಿದರೆ ಬುದ್ಧ ಮಲಗಿದ ಹಾಗೆ ಕಾಣುತ್ತದೆ. ಎಲ್ಲರೂ ನೋಡಿ ಕೈಮುಗಿಯುತ್ತಾರೆ. ಯಾದಗಿರಿಯಿಂದ ಮರಳುವಾಗ ಬಸ್ಸಿನ ಕಿಟಕಿಯಿಂದ ನಾನೂ ನೋಡಿದೆ. ಅಷ್ಟು ಕಾಲದಿಂದ ಮಲಗಿಯೂ ಆ ಮುಖದಲ್ಲಿ ಉರಿಯ ಸುಳಿವಿಲ್ಲ. ಆಸೆಯನ್ನು ಬಿಟ್ಟವರು ಹೇಗೆ ಮಲಗಿದರೂ ನಡೆಯುತ್ತದೆ, ಭಜಿಯನ್ನು ಬಿಡದವರಿಗೆ ಮಂಚದ ಕೆಳಗೆ ಕಲ್ಲು ಬೇಕು ಎಂದು ಆ ದಿನ ನನಗೆ ಹೊಳೆಯಿತು. ಮನೆ ಕಟ್ಟುವಾಗ ಉಳಿದ ಪರಸಿಕಲ್ಲಿನ ತುಂಡುಗಳನ್ನು ಮಂಚದ ತಲೆಯ ಕಡೆಯ ಕಾಲುಗಳಿಗೆ ಕೊಟ್ಟೆ. ಬೆಳಿಗ್ಗೆ ಎದ್ದಾಗ ಹೆಂಡತಿ ಕಾಲಿನ ಕಡೆ ಮುದುಡಿಕೊಂಡಿದ್ದಳು.

“ಜಾರಬಂಡಿ ಮ್ಯಾಲ ಮಲಗಿದಂಗಾತು,” ಎಂದಳು. “ಹುಳಿ ನಿಮ್ಮ ಗಂಟಲದಾಗ, ಶಿಕ್ಷಾ ನನಗ.” ಮರುದಿನದಿಂದ ಅವಳು ಚಾಪೆಗೆ ಇಳಿದಳು. ನಾನು ಏಕಾಂಗಿಯಾಗಿ ಎತ್ತರದಲ್ಲಿ ಮಲಗಿದೆ.

ಹೀಗೆ ಪಥ್ಯವು ಮಂಚಕ್ಕೆ ಬಂತೇ ಹೊರತು ತಾಟಿಗೆ ಬರಲಿಲ್ಲ. ಅಷ್ಟರಲ್ಲಿ ನನ್ನ ಅಕ್ಕನ ಮಗಳಿಗೆ ಯಾದಗಿರಿಯ ಸಂಬಂಧ ಬಂತು.

ಹುಡುಗಿ ಸುರಪುರದಲ್ಲಿ ಸರ್ಕಾರಿ ಶಾಲೆಯ ಟೀಚರು. ಹುಡುಗ ಯಾದಗಿರಿಯಲ್ಲಿ ಬ್ಯಾಂಕಿನ ನೌಕರ. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ಒಪ್ಪಿದ್ದರು. ಒಂದೇ ತಕರಾರು: ಮದುವೆಯಾದ ಮೇಲೆ ಸೊಸೆ ನೌಕರಿ ಬಿಡಬೇಕು ಎಂದು ಹುಡುಗನ ತಂದೆ ಯಾರ ಬಳಿಯೋ ಆಡಿದ್ದರಂತೆ. ಆ ನೌಕರಿಗಾಗಿ ಅವಳು ಎಷ್ಟು ಓದಿದ್ದಳೆಂಬುದನ್ನು ನಾನು ಕಂಡಿದ್ದೆ. ಪರೀಕ್ಷೆಯ ಫಲಿತಾಂಶದ ದಿನ ಅವಳಿಗಿಂತ ನನಗೇ ಹೆಚ್ಚು ಅಂಜಿಕೆಯಾಗಿ, ಅವಳಿಗೆಂದು ತಂದಿದ್ದ ಪೇಡೆಯನ್ನು ನಾನೇ ಮುಗಿಸಿದ್ದೆ.

ನಮ್ಮವರಲ್ಲಿ ಸಂಬಂಧದ ಮಾತಿಗೆ ಸೋದರಮಾವನೇ ಮುಂದೆ. ತಂದೆ ಪಕ್ಕದಲ್ಲಿ ಕುಳಿತು ಗೋಡೆಯ ಕ್ಯಾಲೆಂಡರು ನೋಡಬೇಕು. ಇನ್ನೊಂದು ರಿವಾಜೂ ಉಂಟು. ಮಾತು ನಡೆಯುವಾಗ ನಡುವೆ ಒಂದು ತಾಟಿನಲ್ಲಿ ಸಿಹಿ ಇಟ್ಟಿರುತ್ತಾರೆ. ಚಹಾ ಕುಡಿಯಬಹುದು, ಸಿಹಿಯನ್ನು ಮಾತ್ರ ಮುಟ್ಟುವಂತಿಲ್ಲ. ಎಲ್ಲಕ್ಕೂ ಒಪ್ಪಿಗೆಯಾದ ಮೇಲೆ ಹುಡುಗಿಯ ಸೋದರಮಾವ ಮೊದಲು ಬಾಯಿ ಸಿಹಿ ಮಾಡಿಕೊಳ್ಳುತ್ತಾನೆ. ಅಲ್ಲಿಗೆ ನಮ್ಮ ಕಡೆಯ ಒಪ್ಪಿಗೆ. ಆಮೇಲೆ ಒಂದು ದಿನ ಹುಡುಗನ ತಂದೆ ನಮ್ಮ ಕಡೆ ಬಂದು ಹಾಗೆಯೇ ತಿಂದರೆ ಅವರ ಒಪ್ಪಿಗೆ, ಸಂಬಂಧ ಗಟ್ಟಿ. ಸಹಿಯಿಲ್ಲ, ಸಾಕ್ಷಿಯಿಲ್ಲ, ದವಡೆ ಆಡಿದರೆ ಸಾಕು. ಈ ರಿವಾಜು ಮಾಡಿದ ಹಿರಿಯರು ನನ್ನಂಥ ಸೋದರಮಾವನೊಬ್ಬ ಹುಟ್ಟಬಹುದೆಂದು ಎಣಿಸಿರಲಿಲ್ಲ.

ಹೊರಡುವ ಮುಂಚೆ ಹುಡುಗಿ ಫೋನು ಮಾಡಿದಳು. “ಮಾಮಾ, ಒಂದ ಮಾತು. ನೌಕರಿ ಬಿಡಂಗಿಲ್ಲ ಅಂತ ಹೇಳ್ರಿ. ಅವ್ರು ಹೂಂ ಅನ್ಲಿ. ಅದಾದ ಮ್ಯಾಲ ಏನರೆ ತಿನ್ರಿ.”

“ಅಷ್ಟೂ ತಿಳಿಯಂಗಿಲ್ಲೇನು ನನಗ?” ಎಂದು ನಾನು ಗದರಿದೆ.

ಹುಡುಗನ ತಂದೆ ನಿವೃತ್ತ ಹೆಡ್‌ಮಾಸ್ತರರು. ಅವರು ಕೆಮ್ಮಿದರೂ ಎದ್ದು ನಿಂತು ಹಾಜರಿ ಹೇಳಬೇಕೆನಿಸುವ ಗಂಟಲು. ನಾನೂ ಅಕ್ಕನ ಗಂಡನೂ ಅವರ ಮನೆಯಲ್ಲಿ ಕುಳಿತೆವು. ನಡುವೆ ಸ್ಟೀಲಿನ ತಾಟಿನಲ್ಲಿ ಬೇಸನ್ ಉಂಡೆಗಳು, ಒಂದೊಂದರ ನೆತ್ತಿಗೂ ಒಂದು ಗೋಡಂಬಿ. ಮಳೆ, ತೊಗರಿಯ ಬೆಳೆ, ಬಸ್ಸಿನ ಗದ್ದಲ, ಎಲ್ಲ ಮಾತೂ ಆಯಿತು. ಆಮೇಲೆ ಅವರು ಕನ್ನಡಕ ಸರಿಪಡಿಸಿಕೊಂಡು ನನ್ನನ್ನೇ ನೋಡಿದರು.

“ಮದುವಿ ಆದ ಮ್ಯಾಲ ಹುಡುಗಿ ಸುರಪುರದ ನೌಕರಿ ಬಿಟ್ಟು ಇಲ್ಲೇ ಇರೂದು. ಏನಂತೀರಿ?”

ಹೇಳಬೇಕಾದದ್ದು ಮೂರೇ ಪದ. ಮನಸ್ಸಿನಲ್ಲಿ ಜೋಡಿಸಿಯೂ ಇಟ್ಟಿದ್ದೆ. ಆದರೆ ಆ ಕಣ್ಣು, ಆ ಗಂಟಲು, ಅಕ್ಕನ ಗಂಡ ಕ್ಯಾಲೆಂಡರಿನಲ್ಲಿ ಹುಡುಕುತ್ತಿದ್ದ ಅಮಾವಾಸ್ಯೆ, ಎಲ್ಲ ಸೇರಿ ನನ್ನೊಳಗೆ ಅಂಜಿಕೆ ಎದ್ದಿತು. ಅಂಜಿಕೆ ಎದ್ದಾಗ ನನ್ನ ಕೈ ಏನು ಮಾಡುತ್ತದೆಯೋ ಅದನ್ನೇ ಮಾಡಿತು. ನನಗೆ ಅರಿವಾದಾಗ ಉಂಡೆಯ ಅರ್ಧ ಬಾಯಲ್ಲಿತ್ತು. ಬೇಸನ್ ಉಂಡೆಯ ಗುಣ ಬಲ್ಲವರಿಗೆ ಹೇಳಬೇಕಾದದ್ದಿಲ್ಲ. ಅದು ಅಂಗುಳಕ್ಕೆ ಹತ್ತಿ ಕುಳಿತರೆ ನಾಲಗೆಗೆ ಬೇರೆ ಕೆಲಸ ಕೊಡುವುದಿಲ್ಲ. “ಅಲ್ಲ” ಎನ್ನಲು ಬಾಯಿ ತೆರೆದೆ. ಹಿಟ್ಟು ಹಾರಿತು.

“ಬಾಯಿ ಸಿಹಿ ಮಾಡಿದ್ರು!” ಎಂದು ಒಳಗಿನಿಂದ ಯಾವುದೋ ಹೆಂಗಸು ಕೂಗಿದಳು. ಹೆಡ್‌ಮಾಸ್ತರರು ಎದ್ದು ಬಂದು ನನ್ನನ್ನು ಅಪ್ಪಿಕೊಂಡರು. ಯಾರೋ ಕುಂಕುಮ ತಂದರು. ನಾನು ಅಪ್ಪುಗೆಯ ಒಳಗಿನಿಂದ ಕೈಸನ್ನೆ ಮಾಡಿದೆ. ಅದನ್ನು ನೀರು ಕೇಳಿದ್ದೆಂದು ತಿಳಿದು ನೀರು ಕೊಟ್ಟರು. ನೀರು ಕುಡಿದು ಬಾಯಿ ಖಾಲಿಯಾಗುವಷ್ಟರಲ್ಲಿ ಹಣೆಗೆ ಕುಂಕುಮ ಬಿದ್ದಾಗಿತ್ತು. ಆಮೇಲೆ ಹೇಳಲು ನನಗೆ ಧೈರ್ಯ ಬರಲಿಲ್ಲ. ಅದರ ಬದಲಿಗೆ ಇನ್ನೊಂದು ಉಂಡೆ ತಿಂದೆ.

ಆ ಸಂಜೆ ಬಸ್ಸಿನಲ್ಲಿ ಎದೆ ಉರಿದ ರೀತಿಗೆ ವೈದ್ಯರ ಯಾವ ಮಾತ್ರೆಯೂ ನಾಟಲಿಲ್ಲ.

ಭಾನುವಾರ ಹುಡುಗಿ ಸುರಪುರದಿಂದ ಶಹಾಪುರಕ್ಕೆ ಬಂದಳು. ಬಂದವಳು ಅಳಲಿಲ್ಲ, ಅತ್ತಿದ್ದರೆ ಚೆನ್ನಾಗಿತ್ತು. ಚಪ್ಪಲಿ ಬಿಟ್ಟು ಒಳಗೆ ಬಂದು ನನ್ನ ಎದುರಿಗೆ ಕುರ್ಚಿ ಎಳೆದುಕೊಂಡು ಕುಳಿತಳು.

“ನನ್ನ ನೌಕರಿನ ಒಂದ ಉಂಡಿಗಿ ಕೊಟ್ಟು ಬಂದಿರಿ.”

“ಎರಡು,” ಎಂದಳು ಹೆಂಡತಿ, ಅಡುಗೆಮನೆಯಿಂದ.

“ಅದು ಒಪ್ಪಿ ತಿಂದದ್ದಲ್ಲ ತಂಗಿ. ಅಂಜಿ ತಿಂದದ್ದು,” ಎಂದೆ.

“ಹೊಟ್ಟಿಗಿ ಗೊತ್ತು. ಅವ್ರಿಗಿ ಹ್ಯಾಂಗ ಗೊತ್ತಾಗ್ಬೇಕು ಮಾಮಾ?” ಎಂದು ಮುಂದುವರಿಸಿದಳು. “ಆ ಹುಡುಗ ನನಗ ಮನಸ್ಸಿಗಿ ಬಂದಾನ. ಆದ್ರ ಶಾಲಿ ಬಿಟ್ಟು ನಾ ಮದುವಿ ಆಗಂಗಿಲ್ಲ. ಅವ್ರು ಇನ್ನಾ ನಮ್ಮ ಕಡಿ ಬಂದು ಬಾಯಿ ಸಿಹಿ ಮಾಡಿಲ್ಲ. ನಿಮ್ಮ ಮನಿಗೇ ಬರ್ತಾರ. ಅವ್ರು ತಿನ್ನೂಕಿಂತ ಮೊದ್ಲ ನೀವು ಹೇಳ್ಬೇಕು. ಆಗಂಗಿಲ್ಲ ಅಂದ್ರ ಈಗೇ ಹೇಳ್ರಿ, ನಿಮ್ಮ ಜಾಗಾದಾಗ ಅತ್ತಿನ್ನ ಕುಂದ್ರಸ್ತೀನಿ.”

“ನಾ ತಯಾರ್ ಅದೀನಿ,” ಎಂದಳು ಅತ್ತೆ.

ಸೋದರಮಾವನ ಗಾದಿ ಹೆಂಡತಿಯ ಪಾಲಾಗುವುದೆಂದರೆ ವಂಶದ ಇತಿಹಾಸದಲ್ಲಿ ಕೇಳರಿಯದ ಸಂಗತಿ. ನಾನೇ ಹೇಳುತ್ತೇನೆಂದೂ, ಕೈ ಹಿಡಿತಕ್ಕೆ ಬರಲು ಅವಳು ಹೇಳಿದ ಪಥ್ಯ ಮಾಡುತ್ತೇನೆಂದೂ ಒಪ್ಪಿಕೊಂಡೆ. ವೈದ್ಯರ ಮುಂದೆ ಒಪ್ಪಿದ್ದು ಬೇರೆ, ಇದು ಬೇರೆ, ವೈದ್ಯರು ಶಿಕ್ಷಕಿಯಾಗಿರಲಿಲ್ಲ.

ಬೆಳಿಗ್ಗೆ ಖಾಲಿ ಹೊಟ್ಟೆಯ ಚಹಾ ನಿಂತಿತು. ಅದರ ಜಾಗಕ್ಕೆ ಜೋಳದ ಅಂಬಲಿ ಬಂತು. ಮಧ್ಯಾಹ್ನ ಬಿಸಿ ರೊಟ್ಟಿ, ಹೀರೇಕಾಯಿ, ಹೆಸರುಬೇಳೆ. ನಮ್ಮ ಕಡೆ ಊಟಕ್ಕೆ ಕುಳಿತವನ ತಾಟಿನ ಮೂಲೆಯಲ್ಲಿ ಕೆಂಪು ಮೆಣಸಿನಕಾಯಿಯ ರಂಜಕ ಇರದಿದ್ದರೆ ಅವನಿಗೆ ಜ್ವರ ಬಂದಿದೆಯೆಂದು ತಿಳಿಯುತ್ತಾರೆ. ಮನೆಗೆ ಬಂದ ಪಕ್ಕದವರು ನನ್ನ ತಾಟನ್ನು ನೋಡಿ “ಯಾವಾಗಿಂದ ಆರಾಮಿಲ್ಲ?” ಎಂದು ಮೆಲ್ಲಗೆ ಕೇಳಿ ಹೋದರು. ಹುಳಿಸೊಪ್ಪಿನ ಪುಂಡಿಪಲ್ಯ ವಾರಕ್ಕೊಮ್ಮೆ, ಅದೂ ರುಚಿ ನೋಡುವಷ್ಟು. ಸಂಜೆಯ ಊಟ ಬೆಳಕಿರುವಾಗಲೇ. ಊಟವಾದ ಮೇಲೆ ಹಾಸಿಗೆಯ ಕಡೆ ನೋಡದೆ ಬಸ್‌ಸ್ಟ್ಯಾಂಡಿನ ತನಕ ನಡೆದು ಬರಬೇಕು. ಅಲ್ಲಿ ಭಜಿಯ ಗಾಡಿಗಳು ಸಾಲಾಗಿ ನಿಂತಿರುತ್ತವೆ ಎಂಬುದನ್ನು ಹುಡುಗಿ ಯೋಚಿಸಿರಲಿಲ್ಲ ಎಂದುಕೊಂಡೆ. ಯೋಚಿಸಿಯೇ ಹೇಳಿದ್ದಳು.

ಎಲ್ಲಕ್ಕಿಂತ ಕಠಿಣವಾದ ನಿಯಮ ಇನ್ನೊಂದು. “ಹೊತ್ತಲ್ಲದ ಹೊತ್ತಿನಾಗ ಏನರೆ ಬಾಯಿಗಿ ಹಾಕೂಕಿಂತ ಮೊದ್ಲ, ಈಗ ನನಗ ಏನಾಗ್ಯಾದ ಅಂತ ಬಾಯಿಬಿಟ್ಟು ಹೇಳ್ಬೇಕು. ಮನಸ್ಸಿನಾಗಲ್ಲ. ಕೇಳೂ ಹಂಗ,” ಎಂದು ಹೇಳಿಹೋದಳು. ತನ್ನ ತರಗತಿಯಲ್ಲಿ ಸುಮ್ಮಸುಮ್ಮನೆ ಪೆನ್ಸಿಲ್ ಕಡಿಯುವ ಮಕ್ಕಳಿಗೆ ಇದನ್ನೇ ಮಾಡಿಸುತ್ತಾಳಂತೆ.

ಮೊದಲ ವಾರವೇ ಕಚೇರಿಯಲ್ಲಿ ಒಂದು ಕಡತದ ವಿಷಯಕ್ಕೆ ಸಾಹೇಬರು ಎಲ್ಲರ ಎದುರಿಗೆ ನನ್ನನ್ನು ಬೈದರು. ಕಾಲುಗಳು ತಾವಾಗಿಯೇ ಹೋಟೆಲಿಗೆ ಹೋದವು. ನಿಯಮ ನೆನಪಾಯಿತು. ಗಲ್ಲಾಪೆಟ್ಟಿಗೆಯ ಮುಂದೆ ನೆಟ್ಟಗೆ ನಿಂತು, “ನನಗೀಗ ಸಾಹೇಬರ ಮ್ಯಾಲ ಭಾಳ ಸಿಟ್ಟು ಬಂದಾದ,” ಎಂದೆ.

“ಬರ್ಲಿ ಬಿಡ್ರಿ,” ಎಂದ ಹೋಟೆಲಿನವನು. “ಭಜಿ ಎಷ್ಟು ಪ್ಲೇಟ?”

ವಿಚಿತ್ರವೆಂದರೆ, ಹೇಳಿದ ಮೇಲೆ ಭಜಿಯ ಆಸೆ ಅರ್ಧ ಇಳಿದಿತ್ತು. ಒಂದು ಲೋಟ ಮಜ್ಜಿಗೆ ಕುಡಿದು ಮರಳಿದೆ. ಆದರೆ ಹಿಂದಿನ ಬೆಂಚಿನಲ್ಲಿ ಸಾಹೇಬರ ಡ್ರೈವರು ಕುಳಿತಿದ್ದುದನ್ನು ನಾನು ನೋಡಿರಲಿಲ್ಲ. ಮರುದಿನ ಸಾಹೇಬರು ಚೇಂಬರಿಗೆ ಕರೆಸಿದರು.

“ನನ್ನ ಮ್ಯಾಲ ಸಿಟ್ಟು ಬಂದಾದಂತ?”

“ಅದು ಅಸಿಡಿಟಿಗಿ ಇಲಾಜು ಸಾರ್,” ಎಂದೆ.

ಅವರು ಬಾಗಿಲು ಮುಚ್ಚಲು ಹೇಳಿ, ತಮಗೂ ಇದೆ, ಮೇಲಿನ ಕಚೇರಿಯ ಸಭೆಯಿದ್ದ ದಿನ ಹೆಚ್ಚಾಗುತ್ತದೆ, ನೀವು ಯಾವ ಡಾಕ್ಟರಿಗೆ ತೋರಿಸುತ್ತೀರಿ ಎಂದು ಕೇಳಿದರು.

ಬೀಗರು ಬರುವ ದಿನ ಹತ್ತಿರವಾದಂತೆ ಮನೆಯಲ್ಲಿ ತಾಲೀಮು ಶುರುವಾಯಿತು. ಹುಡುಗಿ ರಜೆಯ ದಿನ ಬಂದು ನನ್ನ ಮುಂದೆ ಬಿಸಿ ಮಿರ್ಚಿ ಭಜಿಯ ತಾಟು ಇಡುತ್ತಿದ್ದಳು. ಹೆಂಡತಿ ನನ್ನ ಹಳೆಯ ಕನ್ನಡಕ ಹಾಕಿಕೊಂಡು ಹೆಡ್‌ಮಾಸ್ತರರಾಗುತ್ತಿದ್ದಳು. ಆ ಪಾತ್ರವನ್ನು ಅವಳು ಅಷ್ಟು ಸಂತೋಷದಿಂದ ಮಾಡಬಾರದಿತ್ತು.

“ನಿಮ್ಮ ಹುಡುಗಿಗಿ ರೊಟ್ಟಿ ಬಡಿಯಾಕ ಬರ್ತದೇನ್ರಿ?”

“ಬರ್ತದ್ರಿ.”

“ನಿಮ್ಮ ಮನಿತನದಾಗ ಗಂಡಸ್ರು ಎಲ್ಲಾರೂ ಹಿಂಗ ತಾಟ್ ನೋಡ್ಕೊಂತ ಮಾತಾಡ್ತಾರೇನು?”

“ಮಾಮಾ, ಕೈ!” ಎಂದು ಹುಡುಗಿ ಚೀರುತ್ತಿದ್ದಳು. ಕೈ ತಾಟಿನ ಅಂಚಿಗೆ ಬಂದಿರುತ್ತಿತ್ತು. “ಏನಾಗ್ಯಾದ, ಹೇಳ್ರಿ.”

“ಸಿಟ್ಟು ಬಂದಾದ.”

“ಯಾರ ಮ್ಯಾಲ?”

“ನಿಮ್ಮ ಅತ್ತಿ ಮ್ಯಾಲ.”

ಆರಂಭದಲ್ಲಿ ಪ್ರತಿ ಸಲವೂ ನಪಾಸಾದೆ. ನಪಾಸಾದ ದುಃಖಕ್ಕೆ ತಿನ್ನಲು ಭಜಿ ಎದುರಿಗೇ ಇರುತ್ತಿತ್ತು. ಆದರೂ ದಿನ ಕಳೆದಂತೆ ಒಂದು ಸಂಗತಿ ಗಮನಕ್ಕೆ ಬಂತು. ತಾಟಿನ ಮುಂದೆ ಸುಮ್ಮನೆ ಕುಳಿತರೆ ಆಸೆ ಏರುತ್ತದೆ, ಏರಿ ಸ್ವಲ್ಪ ಹೊತ್ತು ಕುಣಿಯುತ್ತದೆ, ಯಾರೂ ಮಾತಾಡಿಸದಿದ್ದರೆ ತಾನೇ ಬೇಸತ್ತು ಹೋಗುತ್ತದೆ. ಇಷ್ಟು ವರ್ಷ ನಾನು ಅದಕ್ಕೆ ಬೇಸರವಾಗಲು ಬಿಟ್ಟಿರಲಿಲ್ಲ. ಎದೆಯುರಿಯೂ ಇಳಿಯುತ್ತಿತ್ತು, ಬಗ್ಗಿ ಚಪ್ಪಲಿ ಹಾಕಿಕೊಳ್ಳಬಲ್ಲವನಾಗಿದ್ದೆ.

ಬೀಗರು ಬಂದರು. ಹೆಡ್‌ಮಾಸ್ತರರು, ಅವರ ಹೆಂಡತಿ, ಹುಡುಗ. ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಅವರು ಮುಟ್ಟುವಾಗ ಊಟದ ಹೊತ್ತು ಮೀರಿತ್ತು. ನಡುವೆ ಶೇಂಗಾ ಹೋಳಿಗೆಯ ತಾಟು ಇಟ್ಟಿದ್ದೆವು. ಅಕ್ಕನ ಗಂಡ ನಮ್ಮ ಮನೆಯ ಕ್ಯಾಲೆಂಡರಿನ ಎದುರಿಗೆ ಜಾಗ ಹಿಡಿದಿದ್ದರು. ಹುಡುಗಿ ಅಡುಗೆಮನೆಯ ಬಾಗಿಲ ಹಿಂದೆ ನಿಂತಿದ್ದಳು. ಅವಳ ಕಾಲುಬೆರಳು ಕಾಣುತ್ತಿತ್ತು.

ನೀರು ಕುಡಿದರು, ಕ್ಷೇಮಸಮಾಚಾರವಾಯಿತು. ನಾನು ಪೀಠಿಕೆಗೆಂದು ಮಳೆಯ ವಿಷಯ ಎತ್ತಿದೆ. ಹಸಿದಿದ್ದ ಹೆಡ್‌ಮಾಸ್ತರರಿಗೆ ಮಳೆ ಬೇಕಾಗಿರಲಿಲ್ಲ. “ಮಾತೆಲ್ಲಾ ಅವತ್ತ ಮುಗ್ದಾವಲ್ಲ, ಇನ್ಯಾಕ ತಡ?” ಎನ್ನುತ್ತ ಅವರ ಕೈ ತಾಟಿನ ಕಡೆ ಹೊರಟಿತು. ಅದನ್ನು ನೋಡಿ ನನಗೆ ಜೀವ ಹಾರಿದಂತಾಗಿ ನನ್ನ ಕೈಯೂ ಹೊರಟಿತು. ಎರಡು ಕೈಗಳೂ ಹೋಳಿಗೆಯ ಮೇಲೆ ಬಂದು ನಿಂತವು. ಬಾಗಿಲ ಹಿಂದಿನ ಕಾಲುಬೆರಳು ಮಡಚಿಕೊಂಡಿತು.

“ನನಗ ಅಂಜಿಕಿ ಆಗ್ಯಾದ!” ಎಂದೆ. ತಾಲೀಮಿನ ಅಭ್ಯಾಸದಿಂದ, ಕೇಳುವ ಹಾಗೆಯೇ ಹೇಳಿದೆ. ಹೊರಗೆ ನಿಂತಿದ್ದ ಆಡು ಕೂಡ ತಿರುಗಿ ನೋಡಿತು.

ಹೆಡ್‌ಮಾಸ್ತರರ ಕೈ ನಿಂತಿತು. “ಅಂಜಿಕಿ? ಯಾಕ್ರಿ? ಯಾರಿಗಿ?”

“ನಿಮಗರಿ.” ಒಮ್ಮೆ ಬಾಯಿ ಬಿಟ್ಟ ಮೇಲೆ ಉಳಿದದ್ದು ತಾನಾಗಿ ಬಂತು. “ಅವತ್ತ ನಿಮ್ಮ ಮನ್ಯಾಗ ಉಂಡಿ ತಿಂದದ್ದು ಒಪ್ಪಿ ಅಲ್ರಿ. ನಿಮ್ಮ ಮುಖ ನೋಡಿ ಅಂಜಿ ತಿಂದೆ. ನನಗ ಅಂಜಿಕಿ ಆದ್ರ ತಿನ್ನೂ ರೋಗ ಅದ. ಹುಡುಗಿ ನೌಕರಿ ಬಿಡಂಗಿಲ್ರಿ. ಇದನ್ನ ಹೇಳಾಕ ಬಂದು ಹೇಳ್ದೇ ಹೋದೆ. ಈಗ ಹೇಳೀನಿ. ಇದಕ್ಕ ಹೂಂ ಅಂದ್ರ ತಿನ್ರಿ, ಇಲ್ಲಂದ್ರ ಊಟ ಮಾಡ್ಕೊಂಡು ಹೋಗ್ರಿ, ಅನ್ನಾ ಸಾರಿಗಿ ಯಾವ ರಿವಾಜೂ ಇಲ್ಲ.”

ಅಕ್ಕನ ಗಂಡ ಮೊದಲ ಬಾರಿಗೆ ಕ್ಯಾಲೆಂಡರಿನಿಂದ ಕಣ್ಣು ತೆಗೆದರು.

ಹೆಡ್‌ಮಾಸ್ತರರು ಕೈ ಹಿಂದಕ್ಕೆ ತೆಗೆದುಕೊಂಡರು. ಬೈಯುತ್ತಾರೆಂದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವರು ದನಿ ಇಳಿಸಿ ಹೇಳಿದರು: “ನೌಕರಿ ಮ್ಯಾಲ ನನಗೇನು ದ್ವೇಷ ಇಲ್ರಿ. ನಾ ಬಳಿಚಕ್ರದ ಶಾಲಿಗಿ ವರ್ಷಾನುಗಟ್ಲೆ ಬಸ್ಸಿನಾಗ ಓಡಾಡೀನಿ. ಕಂಬಿ ಹಿಡ್ದು ನಿಂತು ನಿಂತು ಈ ಭುಜ ಈಗೂ ಮ್ಯಾಲ ಏಳಂಗಿಲ್ಲ. ಅದು ಯಾದಗಿರಿ ಬಾಜೂಕಿನ ಊರು. ಈ ಕೂಸು ಯಾದಗಿರಿಯಿಂದ ಸುರಪುರಕ್ಕ ದಿನಾ ಹೋಗಿ ಬಂದ್ರ ಉಳೀತದೇನು? ಅದಕ್ಕ ಬ್ಯಾಡ ಅಂದೆ.”

“ಹಂಗಂತ ಅವತ್ತ ಹೇಳಬೇಕಿತ್ತಲ್ರಿ?” ಎಂದೆ.

“ನೀವು ಹೇಳಾಕ ಎಲ್ಲಿ ಬಿಟ್ರಿ? ಕೇಳೂದ್ರಾಗ ಉಂಡಿ ತಿಂದ್ರಿ. ನಾನೂ ಪಾಪ, ಎಷ್ಟು ಒಳ್ಳೆ ಮನಷ್ಯಾ ಅಂದ್ಕೊಂಡೆ.”

ಆಗ ಹುಡುಗ, ಆ ತನಕ ಹೋಳಿಗೆಯನ್ನೂ ಬಾಗಿಲನ್ನೂ ಸರದಿಯ ಮೇಲೆ ನೋಡುತ್ತಿದ್ದವನು, ಗಂಟಲು ಸರಿಮಾಡಿಕೊಂಡ. “ಅಪ್ಪಾಜಿ, ಶಹಾಪುರ ನಡುವ ಅದ. ಇಲ್ಲೇ ಮನಿ ಮಾಡ್ತೀವಿ. ಆಕಿ ಸುರಪುರಕ್ಕ ಹೋಗ್ಲಿ, ನಾ ಯಾದಗಿರಿಗಿ ಹೋಗ್ತೀನಿ. ಬಸ್ಸಿನ ಟೈಮೆಲ್ಲಾ ಕೇಳ್ಕೊಂಡು ಬಂದೀನಿ.”

“ಯಾವಾಗ ಕೇಳ್ದಿ?”

“ಇವ್ರು ಉಂಡಿ ತಿಂದ ಮರುದಿನ. ಆಕಿ ಫೋನ್ ಮಾಡಿ ಭಾಳ ಬೈದಿದ್ಲು.”

ಬಾಗಿಲ ಹಿಂದಿನ ಕಾಲು ಒಳಗೆ ಸರಿಯಿತು. ಹೆಡ್‌ಮಾಸ್ತರರು ಮಗನನ್ನು ನೋಡಿದರು, ನನ್ನನ್ನು ನೋಡಿದರು, ತಮ್ಮ ಭುಜ ಒತ್ತಿಕೊಂಡರು. “ಶಹಾಪುರ ಅಂದ್ರ ಕುಂದ್ರಾಕ ಸೀಟರೆ ಸಿಗ್ತದ,” ಎಂದರು. ಆಮೇಲೆ ಹೋಳಿಗೆಯ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡು, ತುಪ್ಪ ಕೇಳಿದರು. ಅವರ ಹೆಂಡತಿ ತುಪ್ಪದ ಬಟ್ಟಲನ್ನು ದೂರ ಸರಿಸಿದರು.

ಮದುವೆ ಆಯಿತು. ಈಗ ಅವರಿಬ್ಬರೂ ಶಹಾಪುರದಲ್ಲಿ ಬಾಡಿಗೆ ಮನೆಯಲ್ಲಿದ್ದಾರೆ. ಬೆಳಿಗ್ಗೆ ಅವಳು ಸುರಪುರದ ಬಸ್ಸು ಹತ್ತುತ್ತಾಳೆ, ಅವನು ಯಾದಗಿರಿಯ ಬಸ್ಸು. ನನ್ನ ಮಾತ್ರೆಯನ್ನು ವೈದ್ಯರು ದಿನ ಬಿಟ್ಟು ದಿನಕ್ಕೆ ಇಳಿಸಿದ್ದಾರೆ.